5×7 ಅಡಿ ಬಾತ್‌ರೂಮ್ ಹೊಸದು ಮಾಡಿಸೋಕೆ ಇಷ್ಟೊಂದು ಖರ್ಚು ಯಾಕೆ?

ಹೊಸಬಾಗಿಲು:
ನಮ್ಮ ಬಾತ್‌ರೂಮ್ 5 ಅಡಿ ಅಗಲ, 7 ಅಡಿ ಉದ್ದ. ಕಮೋಡ್, ವಾಶ್ ಬೇಸಿನ್, ಗೀಸರ್, ಶವರ್, ಇಷ್ಟೇ ಇರೋದು. ಕಟ್ಟಿ ಇಪ್ಪತ್ತು ವರ್ಷದ ಮೇಲಾಯಿತು. ಪಕ್ಕದ ಬೆಡ್‌ರೂಮ್ ಗೋಡೆಯಲ್ಲಿ ಬಣ್ಣ ಉಬ್ಬಿ ಉದುರುತ್ತಿದೆ. ಪೂರ್ತಿ ಹೊಸದು ಮಾಡಿಸೋಣ ಅಂತ ಎರಡು ಕಡೆ ಕೊಟೇಶನ್ ತೆಗೆದುಕೊಂಡೆ. ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟಿದೆ! ಕಡಿಮೆ ಹೇಳಿದವರು ಹಳೆ ಟೈಲ್ಸ್ ಮೇಲೇ ಹೊಸದು ಅಂಟಿಸುತ್ತೇವೆ, ಒಂದು ವಾರದೊಳಗೆ ಮುಗಿಸುತ್ತೇವೆ ಅನ್ನುತ್ತಾರೆ. ಜಾಸ್ತಿ ಹೇಳಿದವರು ಎಲ್ಲ ಒಡೆದೇ ಮಾಡಬೇಕು ಅನ್ನುತ್ತಾರೆ. 35 ಚದರ ಅಡಿಗೆ ಅಷ್ಟು ದುಡ್ಡಾ? ಜಾಗ ಚಿಕ್ಕದಾದರೆ ಖರ್ಚೂ ಚಿಕ್ಕದಾಗಬೇಕಲ್ವಾ? ಎಲ್ಲಿ ಉಳಿಸಬಹುದು, ಎಲ್ಲಿ ಕೈ ಬಿಗಿ ಹಿಡಿಯಬಾರದು, ಮಾಡಿಸಿದವರು ದಯವಿಟ್ಟು ಹೇಳಿ.

ನೀಲಿಬಕೆಟ್:
ಬೆಡ್‌ರೂಮ್ ಗೋಡೆ ಉಬ್ಬಿದೆ ಅಂದಮೇಲೆ ಮಾತೇ ಇಲ್ಲ. ಒಡೆಸಿ.

ಲೆಕ್ಕದಪುಸ್ತಕ:
35 ಚದರ ಅಡಿ ಅಂತ ಲೆಕ್ಕ ಹಾಕುತ್ತಿದ್ದೀರಲ್ಲ, ಅದು ಬರೀ ನೆಲ. ಗೋಡೆ ಎಲ್ಲಿ ಹೋಯಿತು? ನಾಲ್ಕೂ ಗೋಡೆ ಸೇರಿಸಿದರೆ ಸುತ್ತಳತೆ 24 ಅಡಿ. 7 ಅಡಿ ಎತ್ತರದ ತನಕ ಟೈಲ್ಸ್ ಹಾಕಿದರೆ 168 ಚದರ ಅಡಿ. ಬಾಗಿಲಿಗೆ ಎರಡೂವರೆ ಅಡಿ ಅಗಲ ಕಳೆಯಿರಿ, ಸುಮಾರು 150 ಉಳಿಯುತ್ತದೆ. ನೆಲ ಸೇರಿಸಿ 185. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿದರೆ 200 ದಾಟುತ್ತದೆ. ಅಂದರೆ ನೀವು ಟೈಲ್ಸ್ ಅಂಗಡಿಗೆ ಹೋಗಬೇಕಾದ್ದು 35ರ ಲೆಕ್ಕ ಇಟ್ಟುಕೊಂಡು ಅಲ್ಲ, 200ರ ಲೆಕ್ಕ ಇಟ್ಟುಕೊಂಡು.

ಚಿಕ್ಕ ಜಾಗಕ್ಕೆ ಚಿಕ್ಕ ಖರ್ಚು ಅನ್ನೋದು ಯಾಕೆ ಸುಳ್ಳು ಅಂತ ನೋಡಿ. ಇದೇ ಬಾತ್‌ರೂಮ್ 10×14 ಇದ್ದಿದ್ದರೆ ನೆಲ ನಾಲ್ಕು ಪಟ್ಟು ಆಗುತ್ತಿತ್ತು, ಗೋಡೆ ಬರೀ ಎರಡು ಪಟ್ಟು. ಕಮೋಡ್ ಆಗಲೂ ಒಂದೇ. ಬೇಸಿನ್ ಒಂದೇ, ಗೀಸರ್ ಒಂದೇ, ಬಾಗಿಲು ಒಂದೇ, ಪ್ಲಂಬರ್ ಜೋಡಿಸುವ ಪಾಯಿಂಟ್‌ಗಳೂ ಅಷ್ಟೇ. ಈ ಖರ್ಚೆಲ್ಲ ಜಾಗದ ಜೊತೆ ಕುಗ್ಗುವುದಿಲ್ಲ. ಅದಕ್ಕೇ ಚದರ ಅಡಿ ಲೆಕ್ಕದಲ್ಲಿ ಚಿಕ್ಕ ಬಾತ್‌ರೂಮೇ ಮನೆಯಲ್ಲಿ ದುಬಾರಿ ಜಾಗ.

ಹೊಸಬಾಗಿಲು:
ಅಬ್ಬಾ, ಗೋಡೆ ಇಷ್ಟಾಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಜಾಸ್ತಿ ಹೇಳಿದವರು ಸೀಲಿಂಗ್ ತನಕ ಟೈಲ್ಸ್ ಅಂತ ಬರೆದಿದ್ದಾರೆ. 9 ಅಡಿ ಎತ್ತರ ಇದೆ.

ಲೆಕ್ಕದಪುಸ್ತಕ:
ಹಾಗಾದರೆ ಮೇಲಿನ 2 ಅಡಿಗೇ 48 ಚದರ ಅಡಿ ಆಯಿತು. ನಿಮ್ಮ ಇಡೀ ನೆಲಕ್ಕಿಂತ ಜಾಸ್ತಿ! ಅಲ್ಲಿ ನೀರು ಬೀಳುವುದೇ ಇಲ್ಲ. ತೇವ ತಡೆಯುವ ಬಣ್ಣ ಹೊಡೆಸಿದರೆ ಸಾಕು.

ಮಳೆಹನಿ:
ಬಣ್ಣ ಸಾಕು ಅನ್ನೋದು ಗಾಳಿ ಆಡುವ ಬಾತ್‌ರೂಮ್‌ಗೆ ಮಾತ್ರ. ಕಿಟಕಿ ಇಲ್ಲದ ಕಡೆ ಬಿಸಿನೀರಿನ ಹಬೆ ಮೇಲೇ ಹೋಗಿ ಕೂರುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಎಂಥ ಬಣ್ಣಕ್ಕೂ ಬೂಷ್ಟು ಹಿಡಿಯುತ್ತದೆ. 48 ಚದರ ಅಡಿ ಟೈಲ್ಸ್ ಉಳಿಸಿ, ಅದೇ ದುಡ್ಡಲ್ಲಿ ಒಳ್ಳೆ ಫ್ಯಾನ್ ಹಾಕಿಸಿ. ಸ್ನಾನ ಆದಮೇಲೂ ಸ್ವಲ್ಪ ಹೊತ್ತು ಓಡಲಿ.

ರಸಮಟ್ಟ:
ಈ ಕೆಲಸದಲ್ಲೇ ಇರುವವನು ನಾನು, ಗಾರೆಯಿಂದ ಶುರು ಮಾಡಿ ಈಗ ಪೂರ್ತಿ ಗುತ್ತಿಗೆ ತೆಗೆದುಕೊಳ್ಳುತ್ತೇನೆ. ಹೊಸಬಾಗಿಲು ಅವರೇ, ಎರಡು ಕೊಟೇಶನ್‌ನ ಒಟ್ಟು ಮೊತ್ತ ಪಕ್ಕಪಕ್ಕ ಇಟ್ಟು ನೋಡಬೇಡಿ. ಎರಡೂ ಬೇರೆ ಬೇರೆ ಕೆಲಸ. ಒಂದು ಬರೀ ಮುಖಕ್ಕೆ, ಇನ್ನೊಂದು ಒಳಗಿನ ರೋಗಕ್ಕೆ.

ಟೈಲ್ಸ್ ಹಾಕಿದರೆ ನೀರು ಇಳಿಯಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಟೈಲ್ಸ್‌ನೊಳಗೆ ಇಳಿಯದೇ ಇರಬಹುದು, ಆದರೆ ಎರಡು ಟೈಲ್ಸ್ ನಡುವಿನ ಸಂದು, ಗೋಡೆ ನೆಲ ಸೇರುವ ಮೂಲೆ, ಪೈಪ್ ಹೊರಗೆ ಬರುವ ಜಾಗ, ನೆಲದ ಜಾಲರಿ ಸುತ್ತ, ಇಲ್ಲೆಲ್ಲ ನೀರು ದಾರಿ ಹುಡುಕಿಕೊಳ್ಳುತ್ತದೆ. ಅದನ್ನು ತಡೆಯುವುದು ಟೈಲ್ಸ್ ಕೆಳಗಿನ ವಾಟರ್ ಪ್ರೂಫಿಂಗ್ ಪದರ. ಅದು ಕೆಟ್ಟಿದೆ ಅಂತ ನಿಮ್ಮ ಬೆಡ್‌ರೂಮ್ ಗೋಡೆಯೇ ಹೇಳುತ್ತಿದೆ. ಇಲ್ಲಾಂದರೆ ಗೋಡೆಯೊಳಗಿನ ಪೈಪ್ ಸೋರುತ್ತಿದೆ. ಎರಡರಲ್ಲಿ ಯಾವುದೇ ಆದರೂ ಮೇಲೆ ಹೊಸ ಟೈಲ್ಸ್ ಅಂಟಿಸಿದರೆ ಮುಚ್ಚಿಟ್ಟ ಹಾಗೆ ಆಗುತ್ತದೆ, ವಾಸಿ ಆಗಲ್ಲ.

ಮೊದಲು ಒಂದು ಕೆಲಸ ಮಾಡಿ. ಎಲ್ಲ ನಲ್ಲಿ ಬಂದ್ ಮಾಡಿ, ಬಾತ್‌ರೂಮ್ ಎರಡು ದಿನ ಬಳಸದೇ ಬಿಡಿ. ಲೈನ್‌ನಲ್ಲಿ ಮಾತ್ರ ನೀರಿರಲಿ. ಆಗಲೂ ಗೋಡೆ ಹಸಿಯಾಗುತ್ತಲೇ ಇದ್ದರೆ ಪೈಪ್ ಮೇಲೆ ಅನುಮಾನ ಪಡಿ. ಒಣಗುತ್ತಾ ಬಂದರೆ ನೆಲದ ಕಡೆ ಅಥವಾ ಡ್ರೈನ್ ಕಡೆ ನೋಡಿ.

ಅಡ್ಡಗೋಡೆ:
ಗುತ್ತಿಗೆದಾರರು ಯಾವಾಗಲೂ ಒಡೆಯಿರಿ ಅಂತಲೇ ಹೇಳುವುದು, ಅದರಲ್ಲೇ ಅವರಿಗೆ ದುಡ್ಡು. ನಮ್ಮ ಮನೆಯಲ್ಲಿ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಿ ಆರು ವರ್ಷ ಆಯಿತು, ಒಂದು ತೊಂದರೆ ಇಲ್ಲ. ಧೂಳಿಲ್ಲ, ಮಣ್ಣು ಸಾಗಿಸುವ ಗೋಳಿಲ್ಲ, ಕೆಳಗಿನ ಮನೆಯವರ ಜೊತೆ ಜಗಳ ಇಲ್ಲ. ಸುಮ್ನೆ ಹೆದರಿಸಬೇಡಿ.

ರಸಮಟ್ಟ:
ಅಡ್ಡಗೋಡೆ ಸರ್, ಟೈಲ್ಸ್ ಮೇಲೆ ಟೈಲ್ಸ್ ಹಾಕಲೇಬಾರದು ಅಂತ ನಾನು ಎಲ್ಲಿ ಹೇಳಿದೆ? ಹಳೆಯದು ಗಟ್ಟಿಯಾಗಿ ಕೂತಿರಬೇಕು. ನಾಣ್ಯದಿಂದ ತಟ್ಟಿ ನೋಡಿದರೆ ಟೊಳ್ಳು ಸದ್ದು ಬರಬಾರದು. ಎಲ್ಲೂ ಸೋರಿಕೆ ಇರಬಾರದು. ನಿಮ್ಮಲ್ಲಿ ಹಾಗಿತ್ತು ಅಂತ ಕಾಣುತ್ತದೆ, ಅದಕ್ಕೇ ನಿಂತಿದೆ. ಇವರ ಮನೆಯಲ್ಲಿ ಗೋಡೆ ಉಬ್ಬಿದೆ. ಎರಡೂ ಒಂದೇ ಹೇಗಾಗುತ್ತದೆ?

ಗೋಡೆಯಾಚೆ:
ನಾವು ಕೆಳಗಿನ ಮನೆಯವರು. ಮೇಲಿನ ಮನೆಯವರು ಹೀಗೇ ಹಳೆಯದರ ಮೇಲೆ ಹೊಸ ಟೈಲ್ಸ್ ಹಾಕಿಸಿದರು. ಅವರ ಬಾತ್‌ರೂಮ್ ಫಳಫಳ. ನಮ್ಮ ಸೀಲಿಂಗ್‌ನಲ್ಲಿ ಹಳದಿ ಕಲೆ ದೊಡ್ಡದಾಗುತ್ತಾ ಹೋಯಿತು, ಆಮೇಲೆ ಗಿಲಾವು ಚಕ್ಕೆ ಚಕ್ಕೆಯಾಗಿ ಉದುರಿ ಒಳಗಿನ ಕಬ್ಬಿಣದ ಕಂಬಿ ಕಾಣಿಸಿತು, ತುಕ್ಕು ಹಿಡಿದು ದಪ್ಪ ಆಗಿತ್ತು. ಕೊನೆಗೆ ಅವರು ಎರಡು ಪದರ ಟೈಲ್ಸ್ ಒಡೆಸಬೇಕಾಯಿತು. ಒಡೆಯುವ ಕೂಲಿ ಜಾಸ್ತಿ, ಮಣ್ಣು ಜಾಸ್ತಿ, ಹೊಸ ಟೈಲ್ಸ್ ದಂಡ. ಉಳಿಸಿದ್ದು ಏನು?

ಅಡ್ಡಗೋಡೆ:
ಸರಿ, ಸೋರಿಕೆ ಇದ್ದರೆ ಒಡೆಯಲಿ, ಒಪ್ಪಿದೆ. ಆದರೆ ಸೋರಿಕೆ ಇಲ್ಲದವರು ಇದನ್ನು ಓದಿ ಭಯಪಟ್ಟು ಎಲ್ಲ ಒಡೆಸುವುದು ಬೇಡ, ಅಷ್ಟೇ ನನ್ನ ಮಾತು.

ಕಲ್ಲುಮೆಟ್ಟಿಲು:
ಟೈಲ್ಸ್ ಮೇಲೆ ಟೈಲ್ಸ್ ಹಾಕಿದರೆ ನೆಲ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಏರುತ್ತದೆ ಅನ್ನೋದನ್ನೂ ನೋಡಿಕೊಳ್ಳಿ. ಬಾಗಿಲು ಕೆಳಗೆ ಉಜ್ಜುತ್ತದೆ, ಹೊಸ್ತಿಲಿನ ತಡೆ ಸಣ್ಣದಾಗುತ್ತದೆ, ಜಾಲರಿ ಹಳ್ಳದಲ್ಲಿ ಕೂರುತ್ತದೆ. ಕಮೋಡ್ ಎತ್ತಿ ಮತ್ತೆ ಕೂರಿಸಬೇಕು.

ಸಂಜೆಬಿಸಿಲು:
ಮನೆಯಲ್ಲಿ ವಯಸ್ಸಾದವರು ಇದ್ದಾರಾ? ಇದ್ದರೆ ಟೈಲ್ಸ್ ಬಣ್ಣ ಆಮೇಲೆ ನೋಡಿ. ಮೊದಲು ಹಿಡಿಕಂಬಿ ಎಲ್ಲಿ ಬರಬೇಕು ಅಂತ ಗುರುತು ಮಾಡಿಸಿ. ಕಮೋಡ್ ಪಕ್ಕ ಒಂದು, ಶವರ್ ಹತ್ತಿರ ಒಂದು. ಗಟ್ಟಿ ಇಟ್ಟಿಗೆ ಗೋಡೆಗೇ ಬೋಲ್ಟ್ ಹಿಡಿಯಬೇಕು. ಟೈಲ್ಸ್‌ಗೆ ಮಾತ್ರ ಸ್ಕ್ರೂ ಹಾಕಿದ ಕಂಬಿ ಮನುಷ್ಯನ ಭಾರ ತಡೆಯಲ್ಲ. ಟವೆಲ್ ರಾಡನ್ನೇ ಹಿಡಿದುಕೊಂಡು ಎದ್ದು ಬಿದ್ದವರನ್ನು ಕಂಡಿದ್ದೇನೆ.

ಬಾಗಿಲು ಹೊರಗೆ ತೆರೆಯುವ ಹಾಗೆ ಮಾಡಿಸಿ. ಇಷ್ಟು ಚಿಕ್ಕ ಜಾಗದಲ್ಲಿ ಯಾರಾದರೂ ಒಳಗೆ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡ ಬರುತ್ತದೆ, ಒಳಗೆ ತಳ್ಳೋಕೆ ಆಗಲ್ಲ. ಹೇಗೂ ಹೊಸ ಬಾಗಿಲು ಹಾಕಿಸುತ್ತೀರಿ, ಈಗಲೇ ದಿಕ್ಕು ಬದಲಾಯಿಸಿದರೆ ಹೆಚ್ಚಿನ ಖರ್ಚಿಲ್ಲ.

ಹೊಸಬಾಗಿಲು:
ಅತ್ತೆ ನಮ್ಮ ಜೊತೆಗೇ ಇದ್ದಾರೆ, ಮಂಡಿ ನೋವು. ಬಾಗಿಲ ವಿಷಯ ಎರಡೂ ಕೊಟೇಶನ್‌ನವರು ಎತ್ತಲೇ ಇಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ.

ನೀಲಿಬಕೆಟ್:
ಹಾಗಾದರೆ ನೆಲಕ್ಕೆ ಜಾರದ ಟೈಲ್ಸ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಆರ್10, ಆರ್11 ಅಂತ ಕೇಳಿ. ನಂಬರ್ ಜಾಸ್ತಿ ಆದಷ್ಟೂ ಜಾರುವುದು ಕಡಿಮೆ.

ಕಲ್ಲುಮೆಟ್ಟಿಲು:
ಒಂದು ತಿದ್ದುಪಡಿ. ಆರ್ ನಂಬರ್ ಕೊಡುವ ಪರೀಕ್ಷೆಯಲ್ಲಿ ಶೂ ಹಾಕಿಕೊಂಡು, ಎಣ್ಣೆ ಸುರಿದ ಇಳಿಜಾರಿನ ಮೇಲೆ ನಡೆಯುತ್ತಾರೆ. ಬರಿಗಾಲಿನ ಒದ್ದೆ ನೆಲಕ್ಕೆ ಬೇರೆ ಪರೀಕ್ಷೆ ಇದೆ, ಅದರಲ್ಲಿ ಎ, ಬಿ, ಸಿ ಅಂತ ದರ್ಜೆ. ಬಾತ್‌ರೂಮ್‌ಗೆ ಅದನ್ನು ಕೇಳುವುದು ಸರಿ, ಬಿ ಅಥವಾ ಸಿ ಸಿಕ್ಕರೆ ಒಳ್ಳೆಯದು. ಇನ್ನೊಂದು ವಿಷಯ. ನೆಲಕ್ಕೆ ಚಿಕ್ಕ ಟೈಲ್ಸ್ ಇದ್ದಷ್ಟೂ ಸಂದು ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ, ವಾಟ (ನೀರು ಜಾಲರಿಗೆ ಹರಿಯುವ ಇಳಿಜಾರು) ಕೊಡುವುದೂ ಸುಲಭ.

ನೀಲಿಬಕೆಟ್:
ಬರಿಗಾಲಿಗೆ ಬೇರೆ ಇದೆ ಅಂತ ಈಗ ಗೊತ್ತಾಯಿತು. ಆದರೆ ಸಂದು ಜಾಸ್ತಿ ಆದರೆ ಕೊಳೆ ಉಜ್ಜುವವರು ಯಾರು?

ಮಳೆಹನಿ:
ಸಂದು ತುಂಬೋಕೆ ಎಪಾಕ್ಸಿ ಗ್ರೌಟ್ ಹಾಕಿಸಿ. ಸಿಮೆಂಟ್ ಗ್ರೌಟ್ ನೀರು ಕುಡಿಯುತ್ತದೆ, ಕಪ್ಪಾಗುತ್ತದೆ. ಎಪಾಕ್ಸಿಗೆ ಹಲವು ಪಟ್ಟು ಬೆಲೆ, ನಿಜ. ನೆಲಕ್ಕೆ ಮತ್ತು ಶವರ್ ಗೋಡೆಗೆ ಮಾತ್ರ ಎಪಾಕ್ಸಿ, ಉಳಿದ ಕಡೆ ಮಾಮೂಲಿ ಹಾಕಿದರೆ ಖರ್ಚು ಹಿಡಿತದಲ್ಲಿ ಇರುತ್ತದೆ. ಹಾಕಿದ ಕೂಡಲೇ ಟೈಲ್ಸ್ ಮೇಲಿನದನ್ನು ಒರೆಸಲೇಬೇಕು, ಗಟ್ಟಿಯಾದಮೇಲೆ ಬಿಡುವುದಿಲ್ಲ. ಕೆಲಸ ಗೊತ್ತಿದ್ದವರ ಕೈಲೇ ಮಾಡಿಸಿ.

ರಸಮಟ್ಟ:
ವಾಟದ ಮಾತು ಬಂತಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. 80ಕ್ಕೆ 1 ಅಂತ ಇಟ್ಟುಕೊಂಡರೆ 7 ಅಡಿ ಉದ್ದಕ್ಕೆ ಸುಮಾರು 1 ಅಂಗುಲ ಇಳಿಯಬೇಕು. ಬರೀ ಕಣ್ಣಿಗೆ ಅದು ಕಾಣುವುದಿಲ್ಲ. ಟೈಲ್ಸ್ ಒಣಗುವ ಮುಂಚೆ ಒಂದು ಚೊಂಬು ನೀರು ಬಾಗಿಲ ಹತ್ತಿರ ಸುರಿಯಿರಿ. ನೀರು ನೆಟ್ಟಗೆ ಜಾಲರಿಗೆ ಹೋಗಬೇಕು. ಮೂಲೆಯಲ್ಲಿ ನಿಂತರೆ ಆಗಲೇ ಕೀಳಿಸಿ. ಸಿಮೆಂಟ್ ಹಿಡಿದಮೇಲೆ ಯಾವ ಮೇಸ್ತ್ರಿಯೂ "ಅದು ಒಣಗುತ್ತೆ ಬಿಡಿ" ಅಂತಲೇ ಹೇಳುವುದು.

ಹಾಗೇ ವಾಟರ್ ಪ್ರೂಫಿಂಗ್ ಆದಮೇಲೆ, ಟೈಲ್ಸ್ ಹಾಕುವ ಮುಂಚೆ, ನೀರು ನಿಲ್ಲಿಸುವ ಪರೀಕ್ಷೆ. ಜಾಲರಿ ಮುಚ್ಚಿ, ಬಾಗಿಲಿಗೆ ಒಡ್ಡು ಕಟ್ಟಿ, ಒಂದೆರಡು ಅಂಗುಲ ನೀರು ತುಂಬಿಸಿ ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. 24 ಗಂಟೆ ಬಿಡಿ, 48 ಆದರೆ ಇನ್ನೂ ಒಳ್ಳೆಯದು. ಆವಿಯಾಗಿ ಕೂದಲೆಳೆ ಇಳಿದರೆ ಪರವಾಗಿಲ್ಲ, ಬೆರಳಷ್ಟು ಇಳಿದರೆ ಎಲ್ಲೋ ದಾರಿ ಇದೆ ಅಂತ ಅರ್ಥ. ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ, ಬರೀ ಒಂದೆರಡು ದಿನ. ಆದರೂ ಎಷ್ಟೋ ಕಡೆ ಮಾಡುವುದಿಲ್ಲ, ಯಾಕಂದರೆ ಆ ದಿನ ಕೆಲಸದವರು ಸುಮ್ನೆ ಕೂರಬೇಕಾಗುತ್ತದೆ. ಒಂದು ವಾರದೊಳಗೆ ಎಲ್ಲ ಮುಗಿಸುತ್ತೇವೆ ಅನ್ನುವವರು ಇದನ್ನು ಯಾವಾಗ ಮಾಡುತ್ತಾರೆ ಅಂತ ಕೇಳಿ ನೋಡಿ.

ಹೊಸಬಾಗಿಲು:
ಇದನ್ನು ಹಾಗೇ ಬರೆದಿಟ್ಟುಕೊಂಡೆ. ವಾಟರ್ ಪ್ರೂಫಿಂಗ್ ಬರೀ ನೆಲಕ್ಕಾ, ಗೋಡೆಗೂ ಮಾಡಬೇಕಾ?

ರಸಮಟ್ಟ:
ನೆಲ ಪೂರ್ತಿ, ಅಲ್ಲಿಂದ ಗೋಡೆಗೆ ಕನಿಷ್ಠ 1 ಅಡಿ. ಶವರ್ ಇರುವ ಕಡೆ ತಲೆಗಿಂತ ಮೇಲಿನ ತನಕ. ನಿಮ್ಮಲ್ಲಿ ಬೆಡ್‌ರೂಮ್ ಕಡೆಯ ಗೋಡೆಗೆ ಪೂರ್ತಿ ಟೈಲ್ಸ್ ಎತ್ತರಕ್ಕೆ ಮಾಡಿಸಿ. ಎರಡು ಕೋಟ್. ಮೊದಲನೆಯದು ಅಡ್ಡಕ್ಕೆ ಎಳೆದರೆ ಎರಡನೆಯದು ಉದ್ದಕ್ಕೆ. ಗೋಡೆ ನೆಲ ಸೇರುವ ಮೂಲೆಗೆ ಮೊದಲು ಗಾರೆಯಿಂದ ಉರುಟು ಮಾಡಿಸಿ, ಆಮೇಲೆ ಕೋಟ್. ಚೂಪು ಮೂಲೆಯಲ್ಲೇ ಪದರ ಮೊದಲು ಸೀಳುವುದು.

ತಾಮ್ರದಬಿಂದಿಗೆ:
ಕಮೋಡನ್ನು ಈ ಗೋಡೆಯಿಂದ ಆ ಗೋಡೆಗೆ ಹಾಕಿಸಿದರೆ ಜಾಗ ಚೆನ್ನಾಗಿ ಸಿಗುತ್ತದೆ. ಆನ್‌ಲೈನ್‌ನಲ್ಲಿ ಎಂಥೆಂಥ ಡಿಸೈನ್ ಇದೆ ನೋಡಿ.

ಲೆಕ್ಕದಪುಸ್ತಕ:
ಅಯ್ಯೋ ಬೇಡ. ಬಜೆಟ್ ಕೈ ಮೀರುವುದೇ ಇಲ್ಲಿ. ಬೇಸಿನ್ ಜರುಗಿಸಿ ಪರವಾಗಿಲ್ಲ, ಅದರದು ಸಣ್ಣ ಪೈಪ್. ಕಮೋಡ್‌ದು 4 ಅಂಗುಲದ ಪೈಪ್, ಅದಕ್ಕೂ ವಾಟ ಬೇಕು, 40ಕ್ಕೆ 1 ಅಂತ ಇಟ್ಟುಕೊಳ್ಳಿ. 4 ಅಡಿ ಜರುಗಿಸಿದರೆ 1 ಅಂಗುಲಕ್ಕಿಂತ ಜಾಸ್ತಿ ಇಳಿತ, ಜೊತೆಗೆ ಪೈಪ್ ದಪ್ಪ, ಬೆಂಡ್. ಇಷ್ಟೆಲ್ಲ ನೆಲದೊಳಗೆ ಹುಗಿಯೋಕೆ ಆಳ ಇರಬೇಕಲ್ವಾ? ಇಲ್ಲದಿದ್ದರೆ ನೆಲವನ್ನೇ ಎತ್ತರಿಸಬೇಕು, ಮಂಡಿ ನೋವಿನ ಅತ್ತೆ ಮೆಟ್ಟಿಲು ಹತ್ತಿ ಬಾತ್‌ರೂಮ್‌ಗೆ ಹೋಗಬೇಕು.

ಕಲ್ಲುಮೆಟ್ಟಿಲು:
ಹಳೆ ಜಾಗದಲ್ಲೇ ಇಟ್ಟರೂ ಹೊಸ ಕಮೋಡ್ ಕೊಳ್ಳುವ ಮುಂಚೆ ಅಳತೆ ತೆಗೆದುಕೊಳ್ಳಿ. ಟೈಲ್ಸ್ ಹಾಕಿದ ಗೋಡೆಯಿಂದ ನೆಲದ ತೂತಿನ ನಡುವಿಗೆ ಎಷ್ಟು ಅಂಗುಲ ಅಂತ. ಮೊದಲು ಇದು ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪಾ, ಗೋಡೆಗೆ ಹೋಗುವ ಪಿ ಟ್ರ್ಯಾಪಾ ನೋಡಿ. ಅಂಗಡಿಯಲ್ಲಿ ಚೆಂದ ಕಂಡಿತು ಅಂತ ತಂದರೆ ಕೂರುವುದೇ ಇಲ್ಲ.

ತಾಮ್ರದಬಿಂದಿಗೆ:
ಗೋಡೆಗೆ ತೂಗುವ ಕಮೋಡ್ ಹೇಗೆ? ನೆಲ ಒರೆಸೋಕೆ ಸುಲಭ.

ನೀಲಿಬಕೆಟ್:
ಸುಲಭ ಹೌದು. ಆದರೆ ಟ್ಯಾಂಕ್ ಗೋಡೆಯೊಳಗೆ ಹೋಗುತ್ತದೆ, ಕಬ್ಬಿಣದ ಚೌಕಟ್ಟು ಬೇಕು, ಇವರ 5 ಅಡಿ ಅಗಲದಲ್ಲಿ ಗೋಡೆ ಮುಂದೆ ಬಂದರೆ ಮಂಡಿ ತಾಗುತ್ತದೆ. ರಿಪೇರಿ ಎಲ್ಲ ಫ್ಲಶ್ ಪ್ಲೇಟ್‌ನ ಸಣ್ಣ ಕಿಂಡಿಯಿಂದ. ದುಡ್ಡು ಉಳಿಸೋಕೆ ಬಂದವರಿಗೆ ಇದು ಬೇಡ. ಮಾಮೂಲಿ ನೆಲದ ಮೇಲೆ ಕೂರುವ ಕಮೋಡ್, 3 ಮತ್ತು 6 ಲೀಟರಿನ ಎರಡು ಗುಂಡಿ ಫ್ಲಶ್, ಸಾಕು.

ಕರೆಂಟ್‌ಪೆಟ್ಟಿಗೆ:
ಯಾರೂ ವೈರಿಂಗ್ ಮಾತೇ ಎತ್ತಿಲ್ಲ! ಗೋಡೆ ಒಡೆದಾಗ ವೈರ್ ಬದಲಾಯಿಸದೇ ಇದ್ದರೆ ಮತ್ತೆ ಯಾವಾಗ? 3 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಹಳೇ ಮನೆಗಳಲ್ಲಿ ದೀಪಕ್ಕೆ ಹಾಕಿದ ಸಣ್ಣ ವೈರಿಗೇ ಗೀಸರ್ ಕೊಟ್ಟಿರುತ್ತಾರೆ, ಸ್ವಿಚ್ ಬೋರ್ಡ್ ಹಳದಿ ತಿರುಗಿ ಸುಟ್ಟ ವಾಸನೆ ಬರುತ್ತಿರುತ್ತದೆ. ಗೀಸರ್‌ಗೆ 4 ಚದರ ಮಿಲಿಮೀಟರ್‌ನ ಬೇರೆ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್), ಸ್ವಿಚ್ ಬಾಗಿಲ ಹೊರಗೆ. ಒದ್ದೆ ಮೈಗೆ ಕರೆಂಟ್ ಹೊಡೆದರೆ ಉಳಿಯುವುದು ಕಷ್ಟ. ಇಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.

ಹೊಸಬಾಗಿಲು:
ಕಡಿಮೆ ಕೊಟೇಶನ್‌ನಲ್ಲಿ ವೈರಿಂಗ್ ಇಲ್ಲವೇ ಇಲ್ಲ. ಜಾಸ್ತಿ ಕೊಟೇಶನ್‌ನಲ್ಲಿ "ಎಲೆಕ್ಟ್ರಿಕಲ್ ಕೆಲಸ" ಅಂತ ಒಂದೇ ಸಾಲು. ಪೈಪ್ ಯಾವುದು ಅಂತಲೂ ಬರೆದಿಲ್ಲ.

ರಸಮಟ್ಟ:
ಬರೆಸಿಕೊಳ್ಳಿ. ಎರಡು ಬಗೆಯ ಪ್ಲಾಸ್ಟಿಕ್ ಪೈಪ್ ಇದೆ, ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಬೇಕಾದರೆ ಯುಪಿವಿಸಿ. ಬಿಸಿನೀರಿನ ಲೈನಿಗೆ ಯುಪಿವಿಸಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪ್ ಒಂದು ತುಂಡೂ ಗೋಡೆಯೊಳಗೆ ಉಳಿಸಬೇಡಿ, ಒಳಗೆ ತುಕ್ಕು ಕಟ್ಟಿ ನೀರು ಬರುವ ದಾರಿ ಪೆನ್ಸಿಲ್ ಗಾತ್ರಕ್ಕೆ ಬಂದಿರುತ್ತದೆ. ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ತಿರುಪಿನ (ಥ್ರೆಡ್) ಫಿಟ್ಟಿಂಗ್. ಗಿಲಾವು ಮುಚ್ಚುವ ಮುಂಚೆ ಪಂಪ್ ಹಾಕಿ ಪ್ರೆಶರ್ ಪರೀಕ್ಷೆ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಮೀಟರಿನ ಮುಳ್ಳು ಇಳಿದಿದೆಯಾ ನೋಡಿ.

ಮಳೆಹನಿ:
ಮುಚ್ಚುವ ಮುಂಚೆ ನಾಲ್ಕೂ ಗೋಡೆಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಟೇಪ್ ಹಿಡಿದು. ಮುಂದೆ ಕನ್ನಡಿಗೆ ಡ್ರಿಲ್ ಹೊಡೆಯುವಾಗ ಪೈಪ್ ಎಲ್ಲಿದೆ ಅಂತ ಗೊತ್ತಿರುತ್ತದೆ.

ಅಡ್ಡಗೋಡೆ:
ಇಷ್ಟೆಲ್ಲ ಹೇಳಿ ಖರ್ಚು ಏರಿಸುತ್ತಲೇ ಇದ್ದೀರಿ. ಕೇಳಿದ್ದು ಎಲ್ಲಿ ಉಳಿಸಬಹುದು ಅಂತ!

ಲೆಕ್ಕದಪುಸ್ತಕ:
ಒಳ್ಳೆ ಪ್ರಶ್ನೆ. ಕಣ್ಣಿಗೆ ಕಾಣುವುದರಲ್ಲೆಲ್ಲ ಉಳಿಸಬಹುದು. ಗೋಡೆಗೆ ಮಾಮೂಲಿ ಸೆರಾಮಿಕ್ ಸಾಕು, ವಿಟ್ರಿಫೈಡ್ ನೆಲಕ್ಕೆ ಇರಲಿ. ಡಿಸೈನ್ ಟೈಲ್ಸ್ ಬೇಕೇ ಬೇಕು ಅಂದರೆ ಕನ್ನಡಿ ಗೋಡೆಗೆ ಮಾತ್ರ. ಗೀಸರ್ ಚೆನ್ನಾಗಿದ್ದರೆ ಅದನ್ನೇ ಬಿಚ್ಚಿ ಸರ್ವಿಸ್ ಮಾಡಿಸಿ ಹಾಕಿ. ಕನ್ನಡಿ, ಟವೆಲ್ ರಾಡ್, ಸೋಪ್ ಸ್ಟ್ಯಾಂಡ್, ಗಾಜಿನ ಪಾರ್ಟಿಶನ್ ಇವೆಲ್ಲ ಮುಂದಿನ ವರ್ಷವೂ ಹಾಕಬಹುದು, ಅದಕ್ಕೆ ಏನೂ ಒಡೆಯಬೇಕಿಲ್ಲ. ಏನನ್ನು ಬದಲಾಯಿಸೋಕೆ ಟೈಲ್ಸ್ ಒಡೆಯಬೇಕೋ ಅದಕ್ಕೆ ಮಾತ್ರ ಈಗ ಒಳ್ಳೆಯದನ್ನೇ ಹಾಕಿ. ನಲ್ಲಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊರಗಿನ ನಲ್ಲಿ ಅಗ್ಗದ್ದಾದರೂ ನಡೆಯುತ್ತದೆ, ಕೆಟ್ಟರೆ ಹತ್ತು ನಿಮಿಷದ ಕೆಲಸ. ಗೋಡೆಯೊಳಗೆ ಕೂರುವ ಡೈವರ್ಟರ್ (ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವುದು) ಅಗ್ಗದ್ದು ಹಾಕಬಾರದು. ಒಳಗಿನ ಬಾಡಿ ಒಂದು ಕಂಪನಿ, ಹೊರಗಿನ ಹಿಡಿ ಇನ್ನೊಂದು ಕಂಪನಿ ಆದರೆ ಹೊಂದುವುದಿಲ್ಲ, ಅದಕ್ಕೇ ಬಿಡಿಭಾಗ ಸುಲಭವಾಗಿ ಸಿಗುವ ಕಂಪನಿಯದ್ದೇ ಇರಲಿ.

ಅಡ್ಡಗೋಡೆ:
ಇದು ಸರಿಯಾದ ಉತ್ತರ. ಒಟ್ಟು ಬಜೆಟ್‌ನಲ್ಲಿ ಒಂದಿಷ್ಟು ಪಕ್ಕಕ್ಕೆ ಇಡಿ ಅಂತಲೂ ಸೇರಿಸಿ. ಒಡೆದಮೇಲೆ ಏನು ಕಾಣಿಸುತ್ತದೋ ಯಾರಿಗೂ ಗೊತ್ತಿಲ್ಲ.

ಲೆಕ್ಕದಪುಸ್ತಕ:
ಹಳೆ ಮನೆಗೆ ಶೇ. 15ರಿಂದ 20 ಇಡಿ. ಮಣ್ಣು ಸಾಗಿಸುವ ಖರ್ಚು ಯಾರದು ಅಂತಲೂ ಮೊದಲೇ ಕೇಳಿ. ಗಾರೆ, ಟೈಲ್ಸ್ ಚೂರು ಎಲ್ಲ ಸೇರಿ ಚಿಕ್ಕ ಬಾತ್‌ರೂಮಿಂದಲೂ ಚೀಲಗಟ್ಟಲೆ ಬರುತ್ತದೆ, ಮಹಡಿ ಮನೆ ಆದರೆ ಇಳಿಸುವ ಕೂಲಿಯೇ ಬೇರೆ.

ತಾಮ್ರದಬಿಂದಿಗೆ:
ಸಾಮಾನು ನಾವೇ ತಂದುಕೊಟ್ಟು ಕೂಲಿ ಮಾತ್ರ ಕೊಟ್ಟರೆ ಕಡಿಮೆ ಆಗಲ್ವಾ?

ಗೋಡೆಯಾಚೆ:
ದುಡ್ಡಿನಲ್ಲಿ ಆಗುತ್ತದೆ. ಆದರೆ ದಿನಾ ಪೈಪಿಗೆ ಒಂದು ಬೆಂಡ್, ಒಂದು ಟೀ ಜಾಯಿಂಟ್, ಅರ್ಧ ಚೀಲ ಸಿಮೆಂಟ್ ಅಂತ ಓಡುತ್ತಿರಬೇಕು. ನೀವು ಓಡದಿದ್ದರೆ ಕೆಲಸದವರು ಕೈಕಟ್ಟಿ ಕೂರುತ್ತಾರೆ, ಆ ದಿನದ ಕೂಲಿ ನಿಮ್ಮ ತಲೆಗೆ. ಸೋರಿದರೆ "ನೀವು ತಂದ ಸಾಮಾನು ಸರಿ ಇಲ್ಲ" ಅಂತ ಹೇಳಿ ಹೋಗುತ್ತಾರೆ. ಟೈಲ್ಸ್, ಕಮೋಡ್, ನಲ್ಲಿ ನೀವು ಆರಿಸಿ. ಪೈಪ್, ಸಿಮೆಂಟ್, ವಾಟರ್ ಪ್ರೂಫಿಂಗ್ ಅವರೇ ತರಲಿ, ಜವಾಬ್ದಾರಿಯೂ ಅವರದೇ ಆಗಲಿ.

ಹೊಸಬಾಗಿಲು:
ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಹೇಳಿದವರ ಜೊತೆ ಫೋನಲ್ಲಿ ಮಾತಾಡಿದೆ. ಸೀಲಿಂಗ್ ತನಕ ಟೈಲ್ಸ್ ಬೇಡ, ಗೀಸರ್ ಹಳೆಯದೇ, ಗಾಜಿನ ಪಾರ್ಟಿಶನ್ ಬೇಡ ಅಂದಾಗ ಮೊತ್ತ ಕಣ್ಣಿಗೆ ಕಾಣುವಷ್ಟು ಇಳಿಯಿತು. ನೀರು ನಿಲ್ಲಿಸುವ ಪರೀಕ್ಷೆ ಕೇಳಿದ್ದಕ್ಕೆ ಕೂಡಲೇ ಒಪ್ಪಿದರು. ಇನ್ನೊಬ್ಬರು "ಅದೆಲ್ಲ ಬೇಕಾಗಲ್ಲ" ಅಂದರು. ದುಡ್ಡು ಹೇಗೆ ಕೊಡಬೇಕು? ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ.

ರಸಮಟ್ಟ:
ಅರ್ಧ ಜಾಸ್ತಿ ಆಯಿತು. ಸಾಮಾನಿಗೆ ಬೇಕಾದಷ್ಟು ಮೊದಲು ಕೊಡಿ. ಆಮೇಲೆ ಒಡೆದು ಪೈಪ್ ಎಳೆದು ಪ್ರೆಶರ್ ಪರೀಕ್ಷೆ ಆದಾಗ ಒಂದು ಕಂತು, ನೀರು ನಿಲ್ಲಿಸಿ ನೋಡಿದಮೇಲೆ ಒಂದು, ಟೈಲ್ಸ್ ಮುಗಿದಾಗ ಒಂದು. ಕೊನೆಯ ಕಂತು ಹತ್ತು ಹದಿನೈದು ದಿನ ಬಳಸಿ ನೋಡಿ ಕೊಡುತ್ತೇನೆ ಅಂತ ಈಗಲೇ ಬರೆಸಿ. ಒಳ್ಳೆ ಕೆಲಸದವರು ಬೇಸರ ಮಾಡಿಕೊಳ್ಳಲ್ಲ. ಬೆಡ್‌ರೂಮ್ ಗೋಡೆಗೆ ಈಗಲೇ ಬಣ್ಣ ಹೊಡೆಸಬೇಡಿ. ಉಬ್ಬಿದ್ದನ್ನು ಕೆರೆದು ತಿಂಗಳುಗಟ್ಟಲೆ ಒಣಗೋಕೆ ಬಿಡಿ.

ಕಲ್ಲುಮೆಟ್ಟಿಲು:
ಟೈಲ್ಸ್ ತರುವಾಗ ಎಲ್ಲ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ಶೇಡ್ ಇದೆಯಾ ನೋಡಿ. ಕೆಲಸ ಮುಗಿದಮೇಲೆ ಉಳಿದದ್ದನ್ನು ವಾಪಸ್ ಕೊಡಬೇಡಿ. ಒಂದು ಬಾಕ್ಸ್ ಅಟ್ಟದ ಮೇಲೆ ಇಡಿ, ಮುಂದೆ ಒಂದು ಟೈಲ್ ಒಡೆದರೆ ಅದೇ ಬಣ್ಣದ್ದು ಅಂಗಡಿಯಲ್ಲಿ ಸಿಗಲ್ಲ.